ಸೈಕಲ್ ಕೊಟ್ಟು ತಂದ ದೋಣಿ

ಹೋದ ತಿಂಗಳು ಕಣ್ಣು ತೋರಿಸಲು ಮೀರಜಿಗೆ ಹೋಗಿದ್ದೆ. ಡಾಕ್ಟರು ಎರಡೂ ಕಣ್ಣಿಗೆ ಔಷಧಿಯ ಹನಿ ಹಾಕಿ ಕಳಿಸಿದ್ದರಿಂದ ಊರೆಲ್ಲ ಮಸಕಾಗಿತ್ತು. ಮಗಳು ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಸುತ್ತಿದ್ದಳು. ಒಂದು ಬಡಿಗರ ಅಂಗಡಿಯ ಮುಂದೆ ಬಂದಾಗ ನನ್ನ ಕಾಲು ತಾವಾಗಿಯೇ ನಿಂತವು. ಒಳಗೆ ಯಾರೋ ಎಣ್ಣೆಯಲ್ಲಿ ರಾಳ ಕಾಯಿಸುತ್ತಿದ್ದರು.

"ಯಾಕ ನಿಂತ್ರಿ ಅಪ್ಪಾ? ಕಣ್ಣು ಉರ್ಯಾಕತ್ತಾವೇನು?" ಎಂದಳು ಮಗಳು.

"ಕಣ್ಣಲ್ಲವಾ, ಮೂಗು. ಇದು ನನ್ನ ದೋಣಿ ವಾಸನಿ."

"ನಿಮ್ಮದ್ಯಾವ ದೋಣಿ?" ಎಂದು ಆಕೆ ನಕ್ಕಳು. ಅವಳ ತಪ್ಪಲ್ಲ. ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತನಾದ, ಮಳೆ ಹನಿದರೆ ಕೊಡೆ ಹುಡುಕುವ ಅಪ್ಪನನ್ನು ಮಾತ್ರ ಆಕೆ ನೋಡಿದ್ದಾಳೆ. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಅರ್ಧ ಹೇಳಿದೆ. ಉಳಿದ ಅರ್ಧ ಹೇಳುವಷ್ಟರಲ್ಲಿ ಸಾಂಗಲಿ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ಸಾಂಗಲಿ ಇನ್ನೂ ಸಂಸ್ಥಾನವಾಗಿತ್ತು. ನನಗೆ ಇಪ್ಪತ್ತಾರು, ಲಗ್ನವಾಗಿರಲಿಲ್ಲ. ಸಂಸ್ಥಾನದ ಕಚೇರಿಯಲ್ಲಿ ಹೊಲ, ಕಾಲುವೆ, ದಾರಿಗಳ ನಕ್ಷೆ ಬರೆಯುವ ನೌಕರಿ. ಹೊಳೆಗೆ ಇಳಿಯುವ ಮೆಟ್ಟಿಲುಗಳ ಘಾಟಿನ ಮೇಲೆಯೇ ನಮ್ಮ ಬಾಡಿಗೆ ಮನೆ. ಇದ್ದವರು ನಾನು, ಆಯಿ ಇಬ್ಬರೇ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಹೆತ್ತವರು ನಾನು ತೊದಲು ಮಾತಾಡುವಾಗಲೇ ಹೋದದ್ದರಿಂದ ನನ್ನನ್ನು ಸಾಕಿದವಳು ಆಕೆಯೇ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೀನು ಅನ್ನುವ ಮಾತು ಕೂಡ ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ.

ಆಯಿಗೆ ಹೊಳೆಯ ನೀರಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಚಹಾ ಇಲ್ಲ. ಮೊಣಕಾಲು ಹಿಡಿದುಕೊಂಡು ಆಕೆ ಘಾಟು ಇಳಿಯುವುದು ನಿಂತು ಆರು ವರ್ಷವಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಸ್ನಾನ ಮಾಡಿ ತಾಮ್ರದ ತಂಬಿಗೆಯಲ್ಲಿ ಕೃಷ್ಣೆಯ ನೀರು ತರುತ್ತಿದ್ದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿದ ಕೂಡಲೇ ಒಳಗಿಂದ, "ಬಂತೇನ್ ನನ್ನ ಹೊಳಿ?" ಎನ್ನುತ್ತಿದ್ದಳು. "ಬಂತು ಆಯಿ," ಎಂದು ಅವಳ ಮುಂದೆ ತಂಬಿಗೆ ಇಡುತ್ತಿದ್ದೆ. ಜ್ವರ ಬಂದ ದಿನವೂ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ. ಆಕೆ ನನಗೆ ಮಾಡಿದ್ದಕ್ಕೆಲ್ಲ ನಾನು ಹೊಳ್ಳಿ ಮಾಡುತ್ತಿದ್ದುದು ಅದೊಂದೇ.

ಮೀನಿನ ಹುಚ್ಚು ಹಿಡಿಸಿದವರು ನಮ್ಮ ಕಚೇರಿಯ ಮುಖ್ಯಸ್ಥರು. ಮೀರಜಿನವರು, ಎಲ್ಲರೂ ರಾವಸಾಹೇಬರು ಎನ್ನುತ್ತಿದ್ದರು. ರವಿವಾರ ಬಂತೆಂದರೆ ಹೊಳೆಯ ಬಂಡೆಯ ಮೇಲೆ ಕೂತು ಗಾಳ ಹಾಕುವವರು. ಒಮ್ಮೆ ಬುಟ್ಟಿ ಹಿಡಿದುಕೊಳ್ಳಲೆಂದು ನನ್ನನ್ನು ಕರೆದುಕೊಂಡು ಹೋದರು. ಬೀಡಿ ಹಚ್ಚುವಾಗ ಬಿದಿರಿನ ಕೋಲು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ದಾರ ಜಗ್ಗಿತು. ಮೀನು ತಿನ್ನುವ ಆಸೆ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಕಾಣದ ನೀರಿನೊಳಗಿಂದ ಒಂದು ಜೀವ ದಾರ ಹಿಡಿದು ‘ಯಾರದು?’ ಎಂದು ಕೇಳಿದಂತಾದ ಆ ಗಳಿಗೆ ನನ್ನನ್ನು ಬಿಡಲೇ ಇಲ್ಲ.

ಆ ವರ್ಷ ಶ್ರಾವಣದಲ್ಲಿ ಒಂದು ರವಿವಾರ, ಆಯಿಗೆ ನೀರು ತಂದಿಟ್ಟು ಸಮಡೋಳಿಗೆ ಹೋಗಿದ್ದೆ. ಅಲ್ಲಿ ವಾರಣಾ ಹೊಳೆಯ ದಂಡೆಯ ಮೇಲೆ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಕಬ್ಬು ಬೆಳೆಯುತ್ತಿದ್ದರು. ಗಾಣದ ಮನೆಯಲ್ಲಿ ಬೆಲ್ಲ ಕುದಿಸುವ ದೊಡ್ಡ ಕೊಪ್ಪರಿಗೆ ಬೋರಲು ಬಿದ್ದಿತ್ತು. ಹೊಳೆಗೆ ಮಹಾಪೂರ ಬಂದಾಗ ನಮ್ಮ ಕಡೆ ಜನ ಅಂಥ ಕೊಪ್ಪರಿಗೆಯಲ್ಲೇ ಕೂತು ದಾಟುತ್ತಾರೆ. ದಾಟಬಹುದಾದರೆ ಕೂತು ಗಾಳ ಹಾಕುವುದಕ್ಕೇನು ಅಂದುಕೊಂಡು ಆಳಿನ ಕೈಯಲ್ಲಿ ಅದನ್ನು ನೀರಿಗೆ ಇಳಿಸಿದೆ. ಅದು ನೆಟ್ಟಗೆ ಹೋಗುವ ವಸ್ತುವೇ ಅಲ್ಲ. ಗರಗರ ತಿರುಗಿ, ಒಮ್ಮೆ ಊರು ಕಂಡು, ಒಮ್ಮೆ ಕಬ್ಬು ಕಂಡು, ತಲೆ ಸುತ್ತಿ ಬಂದರೂ ಮೂರು ಮೀನು ಸಿಕ್ಕವು. ಸಿಕ್ಕ ಸಂಭ್ರಮದಲ್ಲಿ ಅವನ್ನು ಕಾಲಬುಡದಲ್ಲೇ ಹಾಕಿಕೊಂಡೆ. ದಂಡೆಗೆ ಬಂದಾಗ ಕಾಕಾ ನಿಂತಿದ್ದರು.

"ಏನೈತೋ ಅದರಾಗ, ಬಾಳಾ?"

"ಮೀನ್ರಿ ಕಾಕಾ."

ಅವರು ಬೈಯಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. "ದೀಪಾವಳಿಗೆ ಇದರಾಗ ಬೆಲ್ಲ ಹೆಂಗ ಕಾಸ್ಲಿ? ಮೊದಲ್ನೇ ಬೆಲ್ಲದ ಪೆಂಟಿ ಮಠಕ್ಕ ಹೋಗತೈತಲ್ಲೋ."

ಆಗ ನನಗೆ ಮಾಡಿದ ಕೆಲಸ ಏನೆಂದು ತಿಳಿಯಿತು. ಕೊಪ್ಪರಿಗೆಯನ್ನು ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆವು, ಒಲೆಯ ಮೇಲಿಟ್ಟು ಬರಿದೇ ಕಾಯಿಸಿದೆವು. ಆದರೂ ಕಾಕಾನ ಮನಸ್ಸು ಒಪ್ಪಲಿಲ್ಲ. ಆ ವರ್ಷ ಅವರು ಬೇರೆಯವರ ಕೊಪ್ಪರಿಗೆ ಕೇಳಿ ತಂದರು, ನಮ್ಮದರಲ್ಲಿ ಎಮ್ಮೆಗಳು ನೀರು ಕುಡಿದವು. ಹೊರಡುವಾಗ ಕಾಕಾ, "ಮೀನ ಹಿಡಿಯೂದ ಇದ್ರ ನಿಂದ ಒಂದು ದೋಣಿ ತಗೊಳಪಾ. ನನ್ನ ಕೊಪ್ಪರಿಗಿ ಬಿಡು," ಎಂದರು. ಅವರು ಸಿಟ್ಟಿನಲ್ಲಿ ಅಂದಿದ್ದರು. ನಾನು ಅದನ್ನು ಸಲಹೆ ಎಂದು ತೆಗೆದುಕೊಂಡೆ.

ನಾನು ಸಾಂಗಲಿ ಮುಟ್ಟುವ ಮೊದಲೇ ಸುದ್ದಿ ಆಯಿಗೆ ಮುಟ್ಟಿತ್ತು. ಅವತ್ತು ಊಟಕ್ಕೆ ನೀಡಿ ಎದುರಿಗೆ ಕೂತಳು.

"ಹಿಡದ ಮ್ಯಾಲ ಏನ್ ಮಾಡ್ತಿ?"

"ನಾ ಏನ್ ತಿಂತೇನಾ ಆಯಿ? ಬಿಟ್ಟಬಿಡ್ತೇನಿ."

"ಜೀವಂತ?"

"ಜೀವಂತ."

ಬೇಡ ಎಂದಿದ್ದರೆ ಬಿಡುತ್ತಿದ್ದೆ, ಆಕೆಗೂ ಅದು ಗೊತ್ತಿತ್ತು. "ಹಂಗಾದ್ರ ಕೇಳ. ಹುಳ ಚುಚ್ಚಬ್ಯಾಡ, ಹಿಟ್ಟು ನಾ ಕಲಸಿ ಕೊಡ್ತೇನಿ. ಹಿಡದದ್ದು ಹೊಳ್ಳಿ ನೀರಿಗಿ ಹೋಗಬೇಕು. ನಿನ್ನ ಕೈಯಾಗ ಒಂದ ಮೀನ ಸತ್ತರೂ ಅವತ್ತಿಂದ ನನ್ನ ಪೂಜಿ ನೀರು ನೀ ತರಬ್ಯಾಡ."

ಆಯಿ ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ನಾನು ಹೂಂ ಎಂದೆ. ಸಲೀಸಾಗಿ ಎಂದೆ, ಅಷ್ಟು ವಯಸ್ಸು ನನಗೆ.

ದಸರೆಯ ಹೊತ್ತಿಗೆ ದೋಣಿ ಸಿಕ್ಕಿತು. ಹರಿಪುರದಲ್ಲಿ ಸಿದ್ದೂ ಎಂಬ ಅಂಬಿಗನಿದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ದೊಡ್ಡ ಸೇತುವೆ ಆದಮೇಲೆ ಹೊಳೆ ದಾಟಿಸುವ ಕೆಲಸ ಕಡಿಮೆಯಾಗಿ, ಅವನ ಅಪ್ಪನ ಕಾಲದ ಸಣ್ಣ ದೋಣಿ ಹುಣಸೆಮರದ ಕೆಳಗೆ ಮಲಗಿತ್ತು. ಅವನಿಗೆ ಮಾಧವನಗರದ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಹರಿಪುರದಿಂದ ಅಲ್ಲಿಗೆ ದಿನಾ ನಡೆದು ಕಾಲು ಬಿದ್ದುಹೋಗಿದ್ದವು. ನನ್ನ ಹತ್ತಿರ ಒಂದು ಸೈಕಲ್ ಇತ್ತು. ಅವನು ಸೈಕಲ್ಲಿನ ಸುತ್ತ ಮೂರು ಸಲ ತಿರುಗಿದ, ನಾನು ದೋಣಿಯ ಸುತ್ತ ಮೂರು ಸಲ ತಿರುಗಿದೆ. ಮಾತು ಮುಗಿಯಿತು. ಅವನು ನನಗೆ ಹುಟ್ಟು ಹಾಕುವುದನ್ನು ಕಲಿಸಬೇಕು, ನಾನು ಅವನಿಗೆ ಸೈಕಲ್ ಕಲಿಸಬೇಕು ಎಂದಾಯಿತು.

ನೀರಿನ ಮೇಲೆ ಹೂವಿನಂತೆ ನಡೆಯುವ ಮನುಷ್ಯ ಸೈಕಲ್ ಏರಿದರೆ ಕಲ್ಲಾಗುತ್ತಿದ್ದ. ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಾರೆ. ಅಂದು ಒಂದು ಹಗೇವು ತೆರೆದು ಅರಿಶಿನ ರಾಶಿ ಹಾಕಿದ್ದರು. ಸಿದ್ದೂ ಸೈಕಲ್ ಸಮೇತ ಅದರ ಮೇಲೆಯೇ ಹೋಗಿ ಬಿದ್ದು, ಮೈಯೆಲ್ಲ ಹಳದಿಯಾಗಿ ಎದ್ದ. ಅವನ ಹೆಂಡತಿ ಕಾಶವ್ವ ತುಂಬಿದ ಬಸುರಿ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಲಗ್ನದಾಗೂ ನಿಮಗ ಇಷ್ಟ ಅರಿಷಿಣ ಹಚ್ಚಿರಲಿಲ್ಲ," ಎಂದಳು.

ದೋಣಿಯ ಹಲಗೆಗಳ ನಡುವೆ ಬೆರಳು ಹೋಗುವಷ್ಟು ಬಿರುಕು. ಎರಡು ರವಿವಾರ ನಾವಿಬ್ಬರೂ ಅವಕ್ಕೆ ಹತ್ತಿಯ ಹುರಿ ತುರುಕಿ, ಎಣ್ಣೆಯಲ್ಲಿ ರಾಳ ಕಾಯಿಸಿ ಬಳಿದೆವು. ಆ ವಾಸನೆ ನನ್ನ ಧೋತರಕ್ಕೆ, ಕೂದಲಿಗೆ, ಕಚೇರಿಯ ನಕ್ಷೆಗಳಿಗೆ ಕೂಡ ಹತ್ತಿತು. ಕೊನೆಗೆ ಸಿದ್ದೂ ಗಾಳಗಳನ್ನು ಕೇಳಿದ. ಮೀನಿನ ಬಾಯಿಂದ ಗಾಳ ಜಾರದಂತೆ ಅದರ ತುದಿಯಲ್ಲಿ ಒಂದು ಸಣ್ಣ ಹಿಮ್ಮುಳ್ಳು ಇರುತ್ತದೆ. ಆಯಿಗೆ ಕೊಟ್ಟ ಮಾತನ್ನು ಹೇಳಿದ್ದಕ್ಕೆ ಅವನು ಒಂದೊಂದನ್ನೂ ಅರದಿಂದ ತಿಕ್ಕಿ ಆ ಮುಳ್ಳನ್ನು ತೆಗೆದ.

"ಹಿಡದ ಮೀನ ಬಿಡಾಕ ಅಂತ ದೋಣಿ ತಗೊಂಡವರನ್ನ ನಮ್ಮಪ್ಪನೂ ಕಂಡಿಲ್ಲ, ಅವರಪ್ಪನೂ ಕಂಡಿಲ್ಲ," ಎಂದ. "ಆದ್ರೂ ಇರಲಿ. ಬಾಳಪ್ಪನವರ, ಈ ಗಾಳದಿಂದ ಬಿಟ್ಟ ಮೀನ ಬದುಕತಾವು. ಚಿಂತಿ ಮಾಡಬ್ಯಾಡ್ರಿ."

ಆಮೇಲಿನ ಐದಾರು ವಾರ ನನ್ನ ಆಯುಷ್ಯದ ಬಲು ಸುಖದ ದಿನಗಳು. ಮಳೆಗಾಲದ ರಾಡಿ ಕುಳಿತು ಹೊಳೆಯ ನೀರು ತಿಳಿಯಾಗಿತ್ತು. ಸೈಕಲ್ ಇಲ್ಲದೆ ಕಚೇರಿಗೆ ನಡೆದು ಹೋಗುತ್ತಿದ್ದೆ, ಸಂಜೆ ಓಡಿ ಬರುತ್ತಿದ್ದೆ. ಘಾಟಿಗೆ ಕಟ್ಟಿದ ದೋಣಿ ಬಿಚ್ಚಿ ಎಂಟು ಹತ್ತು ಸಲ ಹುಟ್ಟು ಹಾಕಿದರೆ ಸಾಕು, ಪೇಟೆಯ ಸದ್ದೆಲ್ಲ ಹಿಂದೆ ಉಳಿಯುತ್ತಿತ್ತು. ಆಯಿ ಜೋಳದ ಹಿಟ್ಟಿಗೆ ಬೆಲ್ಲ, ಚಿಟಿಕೆ ಅರಿಶಿನ ಹಾಕಿ ಕಲಸಿ, ಒದ್ದೆ ಅರಿವೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಅಂಥ ಹಿಟ್ಟು ರಾವಸಾಹೇಬರ ಮೀನುಗಳೂ ಕಂಡಿರಲಿಲ್ಲ.

"ಇವತ್ತ ಎಷ್ಟ ಮಂದಿ ಬಂದಿದ್ರು?" ಎಂದು ಕೇಳುತ್ತಿದ್ದಳು, ಬೀಗರ ವಿಚಾರ ಕೇಳಿದಂತೆ.

"ಏಳ ಮಂದಿ."

"ಉಂಡ ಹೋದ್ರಿಲ್ಲೋ?"

"ಮೂವರು ಕೈ ತೊಳೀಲಾರದ ಓಡಿದ್ರು."

ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಮೀನು ಹಿಡಿಯುತ್ತೇನೆಂದು ಆಕೆ ತಿಳಿದಿರಲಿಲ್ಲ, ಮೀನಿಗೆ ಉಣ್ಣಿಸಲು ಹೋಗುತ್ತೇನೆಂದು ತಿಳಿದಿದ್ದಳು. ಹೆಚ್ಚು ಕಡಿಮೆ ಅದು ಖರೆಯೂ ಆಗಿತ್ತು.

ಕೆಡಿಸಿದವನು ನಾನೇ. ಹರಿಪುರದ ಕಡೆ ಹೊಳೆ ತಿರುಗುವಲ್ಲಿ ಆಳವಾದ ಮಡು ಇತ್ತು. ಅಲ್ಲೊಂದು ದೊಡ್ಡ ಮೀನು. ಮೂರು ಸಲ ಗಾಳಕ್ಕೆ ಬಂತು, ಮೂರು ಸಲವೂ ದೋಣಿಯ ಅಂಚಿನ ತನಕ ಬಂದು ಜಾರಿಹೋಯಿತು. ಹಿಮ್ಮುಳ್ಳಿಲ್ಲದ ಗಾಳ ಅಷ್ಟು ಭಾರದ ಮೀನನ್ನು ಹೇಗೆ ತಡೆದೀತು? ಕಚೇರಿಯಲ್ಲಿ ಹೇಳಿಕೊಂಡೆ. ರಾವಸಾಹೇಬರು, ಬಾಳಪ್ಪನ ಮೀನು ಊಟಕ್ಕೆ ಬರುತ್ತದೆ, ಮುಖ ತೋರಿಸುವುದಿಲ್ಲ ಎಂದರು. ಎಲ್ಲರೂ ನಕ್ಕರು. ಸಂಜೆ ಅವರು ತಮ್ಮ ಡಬ್ಬಿಯಿಂದ ಒಂದು ವಿಲಾಯತಿ ಗಾಳ ತೆಗೆದು ಕೊಟ್ಟರು. ಹೊಳೆಯುವ ಹೊಸ ಗಾಳ, ಮುಳ್ಳಿದ್ದದ್ದು. ಒಂದೇ ಸಲ, ಮುಖ ನೋಡಿ ಬಿಟ್ಟುಬಿಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ಹುಳವನ್ನಂತೂ ಚುಚ್ಚಲಿಲ್ಲವಲ್ಲ ಎಂದು ಸಮಾಧಾನ ಬೇರೆ.

ಮರುದಿನ ಸಂಜೆ ಅದು ಬಂತು. ಒಂದು ಮೊಳಕ್ಕಿಂತ ಉದ್ದ, ಬೆಳ್ಳಗಿನ ಹೊಟ್ಟೆ, ಕೆಂಪು ರೆಕ್ಕೆ. ಅದಕ್ಕೆ ಸಿದ್ದೂ ಹೇಳಿದ ಹೆಸರು ಮರೆತಿದ್ದೇನೆ, ಅದರ ಮುಖ ಮರೆತಿಲ್ಲ. ಗಾಳ ಗಂಟಲಿಗೆ ಇಳಿದಿತ್ತು. ಬಿಡಿಸಹೋದಷ್ಟೂ ಕಿವಿರಿನಿಂದ ರಕ್ತ ಬಂತು. ದಾರ ಕತ್ತರಿಸಿ ನೀರಿಗೆ ಬಿಟ್ಟೆ, ಮಗ್ಗುಲಾಗಿ ತೇಲಿತು. ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನೀರಾಡಿಸಿದೆ. ಕೈ ಬಿಟ್ಟರೆ ಮತ್ತೆ ಹೊಟ್ಟೆ ಮೇಲಾಗುತ್ತಿತ್ತು. ಅದು ಸತ್ತಿದೆ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಹೊತ್ತು ಬೇಕಾಯಿತು.

ಅದನ್ನು ಹೊಳೆಗೆ ಎಸೆಯಲು ಮನಸ್ಸು ಬರಲಿಲ್ಲ. ಹರಿಪುರ ಹತ್ತಿರವೇ ಇತ್ತು, ಸಿದ್ದೂನ ಮನೆಗೆ ಒಯ್ದೆ. ಕಾಶವ್ವ ಹೆತ್ತು ನಾಲ್ಕು ದಿನವಾಗಿತ್ತು. ಹಾಲು ಇಳಿಯದೆ ಕೂಸು ಎರಡು ದಿನದಿಂದ ಅಳುತ್ತಿತ್ತು. ಸಿದ್ದೂ ಮೀನಿನ ಬಾಯಿ ತೆರೆದು ನೋಡಿದ.

"ಇದು ನಾ ತಿಕ್ಕಿದ ಗಾಳ ಅಲ್ಲ," ಎಂದ. ಒಳಗೆ ಹೋಗಿ, ಬಾಣಂತನಕ್ಕೆ ಬಂದಿದ್ದ ಅತ್ತೆಯ ಕೈಗೆ ಬಾಣಂತಿಯ ಸಾರಿಗೆಂದು ಮೀನು ಕೊಟ್ಟು ಬಂದು, ನನ್ನ ಕೈ ತೊಳೆಯಲು ತಾನೇ ನೀರು ಹಾಕಿದ.

ಮನೆಗೆ ಬಂದು ತಲೆನೋವೆಂದು ಮಲಗಿಬಿಟ್ಟೆ. ಸಿದ್ದೂ ಹೇಳುವವನಲ್ಲ. ಮೀನು ಹೇಳುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮೊದಲಿನಂತೆಯೇ ನಡೆಯುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ತಂಬಿಗೆ ತುಂಬಿಕೊಂಡು ಅರ್ಧ ಘಾಟು ಹತ್ತಿದೆ ಕೂಡ. ಅಲ್ಲಿ ಕಾಲು ಏಳಲಿಲ್ಲ. ಆಕೆ ಆ ನೀರನ್ನು ಲಿಂಗದ ಮೇಲೆ ಹಾಕುವುದನ್ನು ನಾನು ಎದುರಿಗೆ ಕೂತು ನೋಡಬೇಕಲ್ಲ. ಮೆಟ್ಟಿಲ ಮೇಲೆಯೇ ನೀರು ಚೆಲ್ಲಿದೆ.

"ಬಂತೇನ್ ನನ್ನ ಹೊಳಿ?"

"ಇಲ್ಲ ಆಯಿ."

ಖಾಲಿ ತಂಬಿಗೆ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದೆ. ರಾವಸಾಹೇಬರ ಗಾಳವನ್ನೂ ಬಿಡಲಿಲ್ಲ. ಆಯಿ ವಿಭೂತಿ ಹಚ್ಚಿಕೊಳ್ಳಲು ಎತ್ತಿದ ಕೈಯನ್ನು ಕೆಳಗಿಳಿಸಿದಳು.

"ಮುಳ್ಳಿದ್ದ ಗಾಳ ಯಾಕ ಹಾಕ್ದಿ?"

"ಆ ಮೀನ ಬೇಕಾಗಿತ್ತು."

"ಯಾರಿಗಿ?"

"ನನಗ."

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. "ನಾ ಅಂದದ್ದು ಅಂದದ್ದ, ಬಾಳಾ," ಎಂದು ಗೋಡೆಗೆ ಒರಗಿದಳು. ಓಣಿಯವರ ಕೈಯಿಂದ ನೀರು ತರಿಸಲೇ ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದಳು. ನಾನು ಕಚೇರಿಗೆ ಹೋಗಲಿಲ್ಲ. ಅಡಿಗೆಮನೆಯಲ್ಲಿ ಒಲೆ ಹೊತ್ತಲಿಲ್ಲ. ಎಪ್ಪತ್ತು ದಾಟಿದ ಜೀವ ಮಧ್ಯಾಹ್ನದ ತನಕ ಒಂದು ಗುಟುಕು ಚಹಾ ಇಲ್ಲದೆ ಕೂತಿದ್ದನ್ನು ನೋಡುತ್ತ, ದೋಣಿಯನ್ನು ಒಡೆದು ಸೌದೆ ಮಾಡಬೇಕೆನ್ನುವಷ್ಟು ನನಗೆ ನನ್ನ ಮೇಲೆ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಹೊರಗೆ ಸೈಕಲ್ಲಿನ ಗಂಟೆ. ಸಿದ್ದೂ ಗಿರಣಿಯ ಪಾಳಿಗೆ ಹೋಗುವ ದಾರಿಯಲ್ಲಿ ಬಂದಿದ್ದ. ಒಳಗಿನ ವಿಷಯ ಅವನಿಗೇನು ಗೊತ್ತು? ಬಾಗಿಲಲ್ಲೇ ನಿಂತು, "ಆಯಿ, ನಮ್ಮಾಕಿಗಿ ಹಾಲ ಬಂತ್ರಿ. ಕೂಸು ಮಲಗೇತ್ರಿ," ಎಂದ. ಮೀನಿನಿಂದಲೇ ಬಂತೋ, ಬರುವ ಹೊತ್ತಿಗೆ ಬಂತೋ, ನಾನು ಹೇಳಲಾರೆ.

"ಗಂಡೋ ಹೆಣ್ಣೋ?" ಗೋಡೆಗೆ ಒರಗಿದ ಮೇಲೆ ಆಯಿ ಆಡಿದ ಮೊದಲ ಮಾತು.

"ಹೆಣ್ಣರಿ."

ಆಯಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಸಿದ್ದೂ, ಆ ದೋಣ್ಯಾಗ ಮುದಕಿ ಕುಂದ್ರಬಹುದೇನೋ?"

"ಯಾಕಾಗೂದಿಲ್ರಿ? ನಮ್ಮಪ್ಪ ಅದರಾಗ ಎತ್ತು ದಾಟಿಸ್ಯಾನ್ರಿ."

"ಬಾಳಾ, ನೀರು ನೀ ತರಬ್ಯಾಡ ಅಂದೀನಿ," ಎಂದಳು ನನ್ನ ಕಡೆ ತಿರುಗಿ. "ನಾ ಹೋಗಬಾರದು ಅಂತ ಯಾರೂ ಅಂದಿಲ್ಲ."

ಬೆನ್ನ ಮೇಲೆ ಹೊತ್ತುಕೊಂಡು ಘಾಟು ಇಳಿದೆ. ಮಗುವಾಗಿದ್ದಾಗ ನನ್ನನ್ನು ಎತ್ತಿಕೊಂಡು ಅದೇ ಮೆಟ್ಟಿಲು ಇಳಿದವಳು. ಹುಲ್ಲಿನ ಹೊರೆಯಷ್ಟೂ ಭಾರವಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಸಿದ್ದೂ ನೀರಿಗಿಳಿದು ದೋಣಿಯನ್ನು ಅಲುಗದಂತೆ ಹಿಡಿದ. ಆಯಿ ನನಗೆ ಎದುರಾಗಿ ಕೂತು, ತೊಡೆಯ ಮೇಲೆ ತಂಬಿಗೆ ಇಟ್ಟುಕೊಂಡಳು. ನಡುಹೊಳೆಯ ತನಕ ಹುಟ್ಟು ಹಾಕಿದೆ. ಅಲ್ಲಿ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಇಷ್ಟ ಅಗಲ ಇತ್ತೇನೋ ಇದು?" ಎಂದಳು. "ಆರು ವರ್ಷ ತಂಬಿಗ್ಯಾಗ ನೋಡಿ ನೋಡಿ ಮರತಿದ್ದೆ."

ಕೈಯನ್ನು ಮಣಿಕಟ್ಟಿನ ತನಕ ನೀರಿಗೆ ಬಿಟ್ಟು ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ತಂಬಿಗೆ ಅದ್ದಿ ತುಂಬಿಕೊಂಡಳು. ನನಗೆ ಅಳು ಬಂತು. ಹುಟ್ಟು ಹಾಕುವವನಿಗೆ ಮುಖ ಒರೆಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ, ಎದುರಿಗೆ ಕೂತವಳು ಎಲ್ಲ ನೋಡಿದಳು.

ಆ ಚಳಿಗಾಲವೆಲ್ಲ ಅದೇ ನಡೆಯಿತು. ಬೆಳಿಗ್ಗೆ ಆಕೆಯನ್ನು ಹೊತ್ತು ಇಳಿಯುವುದು, ನಡುಹೊಳೆಗೆ ಹೋಗುವುದು, ಹೊತ್ತು ಹತ್ತುವುದು. ಹತ್ತುವಾಗ ಆಕೆ ತಂಬಿಗೆಯನ್ನು ನನ್ನ ಎದೆಯ ಮುಂದೆ ಹಿಡಿದಿರುತ್ತಿದ್ದಳು, ಒಂದೊಂದು ಮೆಟ್ಟಿಲಿಗೂ ತಣ್ಣೀರು ತುಳುಕಿ ನನ್ನ ಅಂಗಿಯೊಳಗೆ ಇಳಿಯುತ್ತಿತ್ತು. ರಾವಸಾಹೇಬರ ಆ ಗಾಳ ಮೀನಿನ ಜೊತೆಗೇ ಹೋಗಿತ್ತು. ಇನ್ನೊಂದು ಕೊಡಬಂದಾಗ ಕೈ ಮುಗಿದೆ. ಸಿದ್ದೂ ತಿಕ್ಕಿದ ಗಾಳಗಳನ್ನೇ ಹಾಕುತ್ತಿದ್ದೆ, ಹಲವು ಸಲ ಅದನ್ನೂ ಬಿಟ್ಟು ಆಯಿ ಹಿಟ್ಟು ಚಿವುಟಿ ನೀರಿಗೆ ಹಾಕುವುದನ್ನು ನೋಡುತ್ತ ಕೂಡುತ್ತಿದ್ದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಬಂದ ಕಾಕಾ ತಾಯಿ ದೋಣಿಯಲ್ಲಿ ಕೂತದ್ದನ್ನು ಘಾಟಿನ ಮೇಲಿಂದ ನೋಡಿ, ಕೊಪ್ಪರಿಗೆಯ ಸಿಟ್ಟನ್ನು ಮರೆತು ತಾವೂ ಹತ್ತಿ ಕೂತರು.

ಆಯಿ ಆ ದಿನಗಳಲ್ಲಿ ಇದ್ದಷ್ಟು ಖುಷಿಯಾಗಿ ನಾನು ಆಕೆಯನ್ನು ಎಂದೂ ಕಂಡಿರಲಿಲ್ಲ. ಒಂದು ದಿನ ಘಾಟು ಹತ್ತುವಾಗ ಓಣಿಯ ಹೆಂಗಸೊಬ್ಬಳು, "ಆಯಿ, ಈಗ ನೀರು ಯಾರು ತರ್ತಾರ್ರಿ?" ಎಂದು ಕೇಳಿದಳು. ನನ್ನ ಬೆನ್ನ ಮೇಲಿಂದಲೇ ಉತ್ತರ ಬಂತು.

"ನೀರು ನಾ ತರ್ತೇನಿ. ನನ್ನನ್ನ ಅಂವ ತರ್ತಾನ."

ಆದರೂ ನೀರು ನೀ ತರಬ್ಯಾಡ ಎಂದ ಮಾತು ನನ್ನೊಳಗೆ ಮುಳ್ಳಾಗಿಯೇ ಇತ್ತು. ತುಂಬಿದ ತಂಬಿಗೆಯನ್ನು ಆಕೆ ಒಂದು ಸಲವೂ ನನ್ನ ಕೈಗೆ ಕೊಡಲಿಲ್ಲ. ದೋಣಿಯಿಂದ ಇಳಿಯುವಾಗ ತಾನು ತಡವರಿಸಿದರೂ ಕೊಡಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಆಯಿಗೆ ಜ್ವರ ಬಂತು. ಬೆನ್ನ ಮೇಲೆ ಎತ್ತಿಕೊಳ್ಳುವುದಲ್ಲ, ಹಾಸಿಗೆಯಲ್ಲಿ ಎಬ್ಬಿಸಿ ಕೂರಿಸುವುದೇ ಕಷ್ಟವಾಯಿತು. ಎರಡು ದಿನ ಪೂಜೆಯಿಲ್ಲ, ಗಂಜಿಯೂ ಇಳಿಯಲಿಲ್ಲ. ಸಿದ್ದೂ ತಾನು ತರಲೇ ಎಂದು ಕೇಳಿದ, ಕಾಕಾ ಬಂದು ಕೇಳಿದರು. ಆಯಿ ಕಣ್ಣು ತೆರೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದಳು. ತಲೆದಿಂಬಿನ ಪಕ್ಕದಲ್ಲಿದ್ದ ತಂಬಿಗೆಯನ್ನು ಎರಡೂ ಕೈಯಿಂದ ಎತ್ತಲು ನೋಡಿದಳು, ಆಗಲಿಲ್ಲ. ನನ್ನ ಕೈ ಹಿಡಿದು ಅದರ ಮೇಲೆ ಇಟ್ಟಳು.

"ನಡುಹೊಳ್ಯಾಗಿಂದ ತಾ," ಎಂದಳು.

ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳದವಳು ಒಂದನ್ನು ತೆಗೆದುಕೊಂ‍ಡಳು, ಅದೂ ನನ್ನ ಸಲುವಾಗಿ. ಅದಕ್ಕಿಂತ ದೊಡ್ಡದನ್ನು ಯಾರೂ ನನಗೆ ಕೊಟ್ಟಿಲ್ಲ. ಆಯಿ ಇಲ್ಲದ ಆ ಮಳೆಗಾಲದಲ್ಲಿ ದೋಣಿಯನ್ನು ಸಿದ್ದೂಗೆ ಹೊಳ್ಳಿ ಕೊಟ್ಟೆ. ಸೈಕಲ್ ಅವನ ಹತ್ತಿರವೇ ಉಳಿಯಿತು. ನಾನು ಮತ್ತೆ ಗಾಳ ಹಿಡಿಯಲಿಲ್ಲ, ಹಿಡಿಯಬೇಕೆನ್ನಿಸಲೂ ಇಲ್ಲ.

ತಂಬಿಗೆ ಕೈಗೆ ಬಂದ ಆ ಬೆಳಿಗ್ಗೆ ಒಬ್ಬನೇ ದೋಣಿ ಬಿಚ್ಚಿ ನಡುಹೊಳೆಗೆ ಹೋದೆ. ಆಯಿ ಕೂಡುತ್ತಿದ್ದ ಹಲಗೆ ಎದುರಿಗೆ ಖಾಲಿಯಿತ್ತು. ತಂಬಿಗೆ ತುಂಬಿಕೊಂಡು, ಒಂದು ಹನಿಯೂ ತುಳುಕದಂತೆ ಘಾಟು ಹತ್ತಿ, ಹೊಸ್ತಿಲ ಹತ್ತಿರ ಬಂದೆ. ಹೆಜ್ಜೆಯ ಸಪ್ಪಳ ಕೇಳಿತೋ ಏನೋ. ಒಳಗಿಂದ ಧ್ವನಿ ಬಂತು, ಸಣ್ಣಗೆ.

"ಬಂತೇನ್ ನನ್ನ ಹೊಳಿ?"

"ಬಂತು ಆಯಿ," ಎಂದೆ.